ಮಂಡಿ ಮೊಹಲ್ಲಾದ ಟ್ರಂಪೆಟ್ಟೂ ಫಿಸಿಕ್ಸ್ ಪುಸ್ತಕವೂ

ಮೈಸೂರು ನೋಡೋಕೆ ಬಂದವರು ಮಂಡಿ ಮೊಹಲ್ಲಾಕ್ಕೆ ಬರೋದು ಎರಡೇ ಕಾರಣಕ್ಕೆ. ಒಂದು, ಹನುಮಂತು ಹೋಟೆಲಿನ ಪಲಾವ್. ಎರಡು, ಫಿಲೋಮಿನಾ ಚರ್ಚಿನ ಜೋಡಿ ಗೋಪುರ ಕಣ್ಣಿಗೆ ಕಾಣ್ತಾ ಇದ್ದರೂ ದಾರಿ ತಪ್ಪಿ. ನಾನು ಬಂದದ್ದು ಬಾಡಿಗೆ ಕಡಿಮೆ ಅಂತ. ವಾರಕ್ಕೆ ಎರಡು ದಿನ ಆಫೀಸಿಗೆ ಮುಖ ತೋರಿಸಿದರೆ ಸಾಕು ಅಂತಾದ ಮೇಲೆ ಬೆಂಗಳೂರಿನ ಮನೆ ಬಿಟ್ಟು ಇಲ್ಲಿನ ಒಂದು ಗಲ್ಲಿಯಲ್ಲಿ ಮಹಡಿ ಮನೆ ಹಿಡಿದೆ. ಮನೆ ತೋರಿಸಿದ ಬ್ರೋಕರ್ ನೀರು, ಕರೆಂಟು, ಪಾರ್ಕಿಂಗು ಎಲ್ಲ ವಿವರಿಸಿದ. ಕೆಳಗಿನ ಅಂಗಡಿ ಬ್ಯಾಂಡ್ ಸೆಟ್‌ನವರದ್ದು ಅಂತ ಮಾತ್ರ ಹೇಳಲಿಲ್ಲ.

ಮೊದಲ ದಿನ ಸಂಜೆ ಏಳಕ್ಕೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್. ಎರಡನೇ ನಿಮಿಷಕ್ಕೆ ಕೆಳಗೆ ಡ್ರಮ್ ಶುರುವಾಯ್ತು. ನಿಮ್ಮಲ್ಲೇನು ಮದುವೆಯಾ ಅಂತ ಆ ಕಡೆಯವರು ಕೇಳಿದರು. ಹೌದು ಅಂದುಬಿಟ್ಟೆ. ಆಮೇಲೆ ವಾರಕ್ಕೆ ಮೂರು ದಿನ ನಮ್ಮನೆಯಲ್ಲಿ ಮದುವೆ.

ಅಂಗಡಿ ಅಂದರೆ ಹತ್ತಡಿ ಅಗಲದ ಒಂದು ಕೋಣೆ. ಗೋಡೆಯ ಮೊಳೆಗಳಲ್ಲಿ ಟ್ರಂಪೆಟ್ಟು, ಕ್ಲಾರಿನೆಟ್ಟು, ಹೊಟ್ಟೆ ದಪ್ಪಗಿರೋ ಯೂಫೋನಿಯಂ. ಹಗ್ಗದ ಮೇಲೆ ಜರಿ ಅಂಚಿನ ಕೆಂಪು ಕೋಟುಗಳು. ಮೂಲೆಯಲ್ಲಿ ಬಾಸ್ ಡ್ರಮ್, ಅದರ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ದ್ವಿತೀಯ ಪಿಯುಸಿ ಫಿಸಿಕ್ಸ್ ಪುಸ್ತಕ. ಆ ಪುಸ್ತಕದ ಒಡೆಯನ ಬಗ್ಗೆಯೇ ಈ ಬರಹ. ಹೆಸರು ಹಾಕಬೇಡಿ ಅಂದಿದ್ದಾನೆ, ಕಾಲೇಜಲ್ಲಿ ರೇಗಿಸ್ತಾರಂತೆ. ಹಾಗಾಗಿ ಹುಡುಗ ಅಂತಲೇ ಕರೀತೀನಿ.

ಮೈಸೂರಿಗೆ ಬ್ಯಾಂಡ್ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲೇ ಅರಮನೆಗೆ ತನ್ನದೇ ಪಾಶ್ಚಾತ್ಯ ವಾದ್ಯವೃಂದ ಇತ್ತು, ಅದನ್ನು ನಡೆಸಿದವರಲ್ಲಿ ಜರ್ಮನಿಯ ಆಟೋ ಶ್ಮಿಟ್ ಒಬ್ಬರು. ಜಯಚಾಮರಾಜೇಂದ್ರ ಒಡೆಯರಂತೂ 1940ರ ದಶಕದ ಕೊನೆಯಲ್ಲಿ ರಷ್ಯಾದ ಸಂಗೀತಗಾರ ಮೆಟ್ನರ್ ಅವರ ಕೃತಿಗಳು ಧ್ವನಿಮುದ್ರಣವಾಗಲಿ ಅಂತ ಇಲ್ಲಿಂದ ದುಡ್ಡು ಕೊಟ್ಟವರು. ಇವತ್ತಿಗೂ ಜಂಬೂ ಸವಾರಿಯ ದಿನ ಅಂಬಾರಿಗೆ ಪುಷ್ಪಾರ್ಚನೆ ಆಗುವಾಗ ಪೊಲೀಸ್ ಬ್ಯಾಂಡ್ ರಾಷ್ಟ್ರಗೀತೆ ನುಡಿಸುತ್ತೆ, ಪಕ್ಕದಲ್ಲಿ 21 ಕುಶಾಲತೋಪು. ಆ ದೊಡ್ಡ ಬ್ಯಾಂಡಿನ ಬಡ ದಾಯಾದಿಗಳು ಈ ಗಲ್ಲಿ ಬ್ಯಾಂಡಿನವರು. ಗಣಪತಿ ಬಿಡೋದು, ಬಾರಾತ್, ಚರ್ಚಿನ ಹಬ್ಬ, ಒಮ್ಮೊಮ್ಮೆ ಸಾವಿನ ಮೆರವಣಿಗೆ. ಜಾತಿ ಧರ್ಮ ನೋಡದೆ ಎಲ್ಲರ ಮನೆಗೂ ಹೋಗಿ ಬರೋರು ಊರಲ್ಲಿ ಯಾರು ಅಂತ ಕೇಳಿದರೆ ನಾನು ಇವರನ್ನೇ ತೋರಿಸೋದು.

ಹುಡುಗನ ದಿನ ಐದೂವರೆಗೆ ಶುರು. ಗಣಿತದ ಟ್ಯೂಷನ್ ಆರಕ್ಕೆ, ಕಾಲೇಜು ಒಂಬತ್ತಕ್ಕೆ, ಮಧ್ಯೆ ಅಮ್ಮ ಕೊಟ್ಟ ಚಿತ್ರಾನ್ನ. ನಾಲ್ಕೂವರೆಗೆ ದೇವರಾಜ ಮಾರುಕಟ್ಟೆಯ ಹಿಂದಿನಿಂದ ಸೈಕಲ್ ಹೊಡ್ಕೊಂಡು ಬಂದು ಇಪ್ಪತ್ತು ನಿಮಿಷ ಬರೀ ಮೌತ್‌ಪೀಸ್ ಇಟ್ಕೊಂಡು ಬಜ್ ಮಾಡ್ತಾನೆ. ದೊಡ್ಡ ನೊಣವೊಂದು ಡಬ್ಬದಲ್ಲಿ ಸಿಕ್ಕಿಹಾಕಿಕೊಂಡ ಹಾಗೆ ಕೇಳುತ್ತೆ. ತುಟಿಯ ಸ್ನಾಯು ಒಂದು ವಾರ ಬಿಟ್ಟರೆ ಸಡಿಲ ಆಗುತ್ತಂತೆ, ಅದಕ್ಕೇ ಪರೀಕ್ಷೆ ಇದ್ದರೂ ಇದು ತಪ್ಪಲ್ಲ. ಏಳಕ್ಕೆ ಎಲ್ಲರೂ ಸೇರಿ ಪ್ರಾಕ್ಟೀಸು, ಒಂಬತ್ತರಿಂದ ಓದು. ನೊಟೇಶನ್ ಯಾರಿಗೂ ಬರಲ್ಲ, ಎಲ್ಲ ಕಿವಿಯಲ್ಲೇ. ಹೊಸ ಹಾಡು ಬಂದರೆ ಯೂಟ್ಯೂಬಿನಲ್ಲಿ ಕೇಳಿ ಸರಿಗಮದಲ್ಲಿ ಬರ್ಕೋತಾನೆ, ಅದೂ ಕೆಮಿಸ್ಟ್ರಿ ರೆಕಾರ್ಡಿನ ಕೊನೆ ಪುಟಗಳಲ್ಲಿ.

"ನೀವು ಇಂಜಿನಿಯರ್ ಅಲ್ವಾ, ಇವನಿಗೆ ಸ್ವಲ್ಪ ಫಿಸಿಕ್ಸ್ ಹೇಳಿಕೊಡಿ" ಅಂತ ಅವರಪ್ಪ ಒಂದು ದಿನ ಬಾಳೆಹಣ್ಣಿನ ಚಿಪ್ಪು ಹಿಡ್ಕೊಂಡು ಮೇಲೆ ಬಂದರು. ಇಂಜಿನಿಯರ್ ಅಂದರೆ ಫಿಸಿಕ್ಸು ನೆನಪಿರುತ್ತೆ ಅನ್ನೋ ನಂಬಿಕೆ ನಮ್ಮ ದೇಶದಲ್ಲಿ ಇನ್ನೂ ಗಟ್ಟಿಯಾಗಿದೆ. ಒಪ್ಪಿಕೊಂಡೆ.

ಹುಡುಗ ತಂದ ಮೊದಲ ಡೌಟು ಫಸ್ಟ್ ಪಿಯುಸಿಯ ಅಲೆಗಳ ಪಾಠದ್ದು. ಸಿಇಟಿಗೆ ಅದೂ ಬರುತ್ತಲ್ಲ. ಹೋದ ವರ್ಷ ಲ್ಯಾಬಿನಲ್ಲಿ ರೆಸೊನೆನ್ಸ್ ಪ್ರಯೋಗ ಮಾಡಿದ್ದ. ನೀರು ತುಂಬಿದ ಕೊಳವೆ, 512 ಹರ್ಟ್ಜ್‌ನ ಫೋರ್ಕು. ನೀರು ಇಳಿಸ್ತಾ ಬಂದರೆ ಸುಮಾರು 16 ಸೆಂಟಿಮೀಟರಿನಲ್ಲಿ ಕೊಳವೆ ತಾನಾಗಿ ಕೂಗುತ್ತೆ. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಮೂಲ ಆವರ್ತನದ 1, 3, 5ರಂಥ ಬೆಸ ಪಟ್ಟುಗಳು ಮಾತ್ರ ಬರುತ್ತವೆ, 2 ಮತ್ತು 4 ಇರಲ್ಲ. ನಾವೆಲ್ಲ ಬಾಯಿಪಾಠ ಮಾಡಿದ್ದೇ ಇದು.

"ಅಣ್ಣ, ನನ್ನ ಟ್ರಂಪೆಟ್ಟೂ ಒಂದು ತುದಿ ಮುಚ್ಚಿದ್ದೇ ತಾನೆ? ಒಂದು ಕಡೆ ನನ್ನ ತುಟಿ, ಇನ್ನೊಂದು ಕಡೆ ಓಪನ್. ಪುಸ್ತಕ ನಿಜ ಆದರೆ ಇದರಲ್ಲಿ ಮೇಲಿನ ಸ ಬರಲೇಬಾರದು." ಅಂದವನೇ ಒಂದು ಕೀಯನ್ನೂ ಒತ್ತದೆ ತುಟಿ ಬಿಗಿ ಮಾಡ್ತಾ ಸ, ಪ, ಮೇಲಿನ ಸ, ಗ, ಪ ಅಂತ ಮೆಟ್ಟಿಲು ಹತ್ತಿದ ಹಾಗೆ ನುಡಿಸಿದ. ನನ್ನ ಕಾಫಿ ಲೋಟ ಝುಂ ಅಂತು. ಇದನ್ನ ಕ್ಲಾಸಲ್ಲಿ ಕೇಳಿದ್ದಕ್ಕೆ ಸಿಲಬಸ್‌ನಲ್ಲಿ ಇಲ್ಲ ಅಂದರಂತೆ.

ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ನನಗೆ ಇಷ್ಟು ಒಳ್ಳೆ ಪ್ರಶ್ನೆ ಒಂದೂ ಹೊಳೆದಿರಲಿಲ್ಲ. ರಾತ್ರಿ ಕೂತು ಓದಿದೆ. ವಿಷಯ ಇಷ್ಟು. ಪುಸ್ತಕದ ಕೊಳವೆ ಉದ್ದಕ್ಕೂ ಒಂದೇ ಅಗಲ. ಟ್ರಂಪೆಟ್ ಹಾಗಲ್ಲ. ಸುತ್ತು ಬಿಚ್ಚಿದರೆ ಒಂದೂವರೆ ಮೀಟರ್ ಹತ್ತಿರ ಇರುವ ಆ ಕೊಳವೆ ಕೊನೆಯಲ್ಲಿ ಹೂವಿನ ಹಾಗೆ ಅರಳುತ್ತೆ, ಶುರುವಿನಲ್ಲಿ ಬಟ್ಟಲಿನಂಥ ಮೌತ್‌ಪೀಸ್ ಇರುತ್ತೆ. ಅರಳಿದ ಬಾಯಿ ಕೆಳಗಿನ ಅನುರಣನಗಳನ್ನು ಮೇಲಕ್ಕೆ ತಳ್ಳುತ್ತೆ, ಮೌತ್‌ಪೀಸು ಮೇಲಿನವನ್ನು ಕೆಳಕ್ಕೆ ಎಳೆಯುತ್ತೆ. ಹೀಗೆ ಬೆಸದ ಸಾಲು ಜರುಗಿ ಜರುಗಿ ಹೆಚ್ಚುಕಮ್ಮಿ 2, 3, 4, 5, 6ರ ಜಾಗಕ್ಕೆ ಬಂದು ಕೂರುತ್ತೆ. ಅಂದರೆ ಪುಸ್ತಕವೂ ಸುಳ್ಳಲ್ಲ, ಟ್ರಂಪೆಟ್ಟೂ ಸುಳ್ಳಲ್ಲ.

ಪುಸ್ತಕದ ಮಾತಿಗೆ ಸರಿಯಾಗಿ ನಡೆಯೋ ವಾದ್ಯವೂ ಅದೇ ಅಂಗಡಿಯಲ್ಲಿತ್ತು. ಕ್ಲಾರಿನೆಟ್. ಅದರ ಕೊಳವೆ ಬಹುಪಾಲು ಒಂದೇ ಅಗಲ. ಬ್ಯಾಂಡಿನ ಕ್ಲಾರಿನೆಟ್ ತಾತನನ್ನು ಕೂರಿಸಿ, ಕೆಳಗಿನ ಸ ಹಿಡಿದು ಹೆಬ್ಬೆರಳಿನ ಕೀ ಒತ್ತಿ ಅಂದೆವು. ಸ್ವರ ಮೇಲಿನ ಸಕ್ಕೆ ಹೋಗಲಿಲ್ಲ, ಅದನ್ನೂ ದಾಟಿ ಮೇಲಿನ ಪಕ್ಕೆ ಹಾರಿತು. ಸರಿಯಾಗಿ ಮೂರು ಪಟ್ಟು. ಹುಡುಗ ಕುಣಿದಾಡಿಬಿಟ್ಟ. ತಾತ ಮಾತ್ರ, "ಐವತ್ತು ವರ್ಷದಿಂದ ಹಿಂಗೇ ಹಾರ್ತಾ ಇದೆ, ಇದರಲ್ಲಿ ಹೊಸದೇನು?" ಅಂತ ಬೀಡಿ ಹಚ್ಚಿಕೊಂಡರು.

ಆಮೇಲೆ ಪಾಠ ಯಾರು ಯಾರಿಗೆ ಹೇಳ್ತಿದ್ದಾರೆ ಅನ್ನೋದೇ ಕಲಸಿಹೋಯ್ತು. ಡಿಸೆಂಬರಿನ ಮುಂಜಾನೆ ಮದುವೆಗೆ ಹೋದರೆ ಬ್ಯಾಂಡು ಕೀಬೋರ್ಡಿಗೆ ಹೊಂದಲ್ಲ, ಶ್ರುತಿ ಇಳಿದಿರುತ್ತೆ, ಯಾಕೆ ಅಂತ ಕೇಳಿದ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಏರುತ್ತೆ. 18 ಡಿಗ್ರಿಯ ಕೊಳವೆಗೂ 30 ಡಿಗ್ರಿಯ ಕೊಳವೆಗೂ ಶೇಕಡಾ 2ರಷ್ಟು ವ್ಯತ್ಯಾಸ, ಅಂದರೆ ಅರ್ಧಸ್ವರದ ಮೂರನೇ ಒಂದು ಪಾಲಿಗಿಂತ ಚೂರು ಜಾಸ್ತಿ. ಕಿವಿ ಇದ್ದವರಿಗೆ ಚುಚ್ಚೋಕೆ ಅಷ್ಟು ಸಾಕು. ಕೀಬೋರ್ಡಿಗೆ ಚಳಿ ಗೊತ್ತಾಗಲ್ಲ. ಅದಕ್ಕೇ ಇವರು ಛತ್ರದ ಹೊರಗೆ ನಿಂತು ಸುಮ್ಮನೆ ಬಿಸಿ ಉಸಿರು ಊದ್ತಾ ಇರೋದು. ನಾನು ಇಷ್ಟು ವರ್ಷ ಅದನ್ನ ಸೋಮಾರಿತನ ಅಂತ ತಿಳ್ಕೊಂಡಿದ್ದೆ.

ಜನವರಿಯಲ್ಲಿ ಒಂದು ಬಾರಾತಿಗೆ ನಾನೂ ಹೋದೆ. ಅಶೋಕ ರಸ್ತೆಯಲ್ಲಿ ಹದಿನಾಲ್ಕು ಜನ ಕೆಂಪು ಕೋಟು, ಮುಂದೆ ದೀಪ ಹೊತ್ತವರು, ಹಿಂದೆ ಕುಣಿಯೋರು. ತುಂಬ ಹಿಂದೆ ಇದ್ದವರ ಹೆಜ್ಜೆ ತಾಳಕ್ಕೆ ಕೂಡ್ತಾ ಇರಲಿಲ್ಲ. "ಅವರ ತಪ್ಪಲ್ಲ ಅಣ್ಣ, 70 ಮೀಟರ್ ದೂರ ಇದ್ದಾರೆ, ಡ್ರಮ್ಮು ತಲುಪೋಕೆ 0.2 ಸೆಕೆಂಡ್ ಬೇಕು" ಅಂದ ಹುಡುಗ. ನಿಮಿಷಕ್ಕೆ 120 ಹೆಜ್ಜೆ ಅಂದರೆ ಹೆಜ್ಜೆಗೆ ಅರ್ಧ ಸೆಕೆಂಡು, ಲೆಕ್ಕ ಸರಿಯಿದೆ. ಅವರ ಕೈಯಲ್ಲಿದ್ದ ಬಾಟಲಿಯ ಲೆಕ್ಕವನ್ನೂ ಸೇರಿಸಬೇಕು ಅನ್ನೋದು ನನ್ನ ಅಭಿಪ್ರಾಯ.

ಹನ್ನೊಂದೂಕಾಲಕ್ಕೆ ಮುಗೀತು. ಹುಡುಗನ ಮೇಲ್ತುಟಿಯಲ್ಲಿ ಮೌತ್‌ಪೀಸಿನ ಉಂಗುರ ಕೆಂಪಗೆ ಅಚ್ಚಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಫಿಸಿಕ್ಸ್ ಪ್ರಾಕ್ಟಿಕಲ್ಸ್‌ನ ಪ್ರಿಪರೇಟರಿ. ಪ್ರಾಕ್ಟಿಕಲ್ಸ್ 30, ಥಿಯರಿ 70. ಇಂಜಿನಿಯರಿಂಗ್ ಸೀಟಿನ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯು ಅಂಕ ಅರ್ಧ. ಯಾವುದನ್ನೂ ಕೈಬಿಡೋ ಹಾಗಿಲ್ಲ. ಆಟೋದಲ್ಲಿ ಟ್ರಂಪೆಟ್ಟನ್ನ ತೊಡೆ ಮೇಲೆ ಇಟ್ಕೊಂಡು, ಮೊಬೈಲ್ ಬೆಳಕಿನಲ್ಲಿ ಮೀಟರ್ ಬ್ರಿಜ್ಜಿನ ಚಿತ್ರ ನೋಡ್ತಾ ಬಂದ.

ಒಂದು ಮದುವೆ ಬಿಡಬಹುದಲ್ಲ ಅಂತ ಅವರಪ್ಪನಿಗೆ ಕೇಳಿದೆ. ಅವರು ಉತ್ತರ ಹೇಳದೆ ಮೇಲ್ತುಟಿ ಎತ್ತಿ ತೋರಿಸಿದರು. ಮುಂದಿನ ಎರಡು ಹಲ್ಲಿಲ್ಲ. ನಾಲ್ಕು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದದ್ದು. ಮೌತ್‌ಪೀಸಿಗೆ ಆಸರೆಯೇ ಆ ಹಲ್ಲು. ಕಟ್ಟಿಸಿದ ಹಲ್ಲು ಇವರಿಗೆ ಒಗ್ಗಲಿಲ್ಲ. ಇಪ್ಪತ್ತೈದು ವರ್ಷ ಟ್ರಂಪೆಟ್ ಊದಿದವರು ಈಗ ಬಾಸ್ ಡ್ರಮ್ ಹೊಡೀತಾರೆ. ಹಾಡು ಎತ್ತೋಕೆ ಮಗ ಬಿಟ್ಟರೆ ಇನ್ಯಾರಿದ್ದಾರೆ? ಬೇರೆಯವರನ್ನ ಕರೆಸಿದರೆ ದಿನಕ್ಕೆ ಸಾವಿರದೈನೂರು ಕೇಳ್ತಾರೆ. ಡಿಜೆ ಗಾಡಿಗಳು ಬಂದ ಮೇಲೆ ಉಳಿಯೋದೇ ಅಷ್ಟು.

ಹುಡುಗನಿಗೆ ಇಂಜಿನಿಯರಿಂಗ್ ಬೇಕು. ಟ್ರಂಪೆಟ್ಟೂ ಬೇಕು. "ಎರಡರಲ್ಲಿ ಒಂದು ಆರಿಸ್ಕೋ ಅಂತ ಎಲ್ಲರೂ ಹೇಳ್ತಾರೆ, ನೀವು ಹೇಳಬೇಡಿ" ಅಂದಿದ್ದ. ನಾನು ಹೇಳಲಿಲ್ಲ. ಶಾಲೆಯಲ್ಲಿ ಮೃದಂಗ ನುಡಿಸ್ತಿದ್ದ ನನ್ನ ಇಬ್ಬರು ಸ್ನೇಹಿತರು ಪಿಯುಸಿಗೆ ಬಂದ ವರ್ಷ ಮನೆಯವರ ಮಾತಿಗೆ ಬಿಟ್ಟರು. ಒಬ್ಬನೂ ಮತ್ತೆ ಮುಟ್ಟಿಲ್ಲ.

ಫೆಬ್ರವರಿ ಮೊದಲ ವಾರ ಬಾಡಿಗೆ ಕೊಡೋಕೆ ಕೆಳಗಿಳಿದಾಗ ಅಂಗಡಿಯ ಬುಕಿಂಗ್ ಡೈರಿ ತೆರೆದಿತ್ತು. ಮಾರ್ಚ್ ಪುಟಗಳಲ್ಲಿ ಉದ್ದಕ್ಕೆ ಗೆರೆ. ಸಿಇಟಿ ಮುಗಿಯುವ ತನಕ ಏಪ್ರಿಲ್ಲಿಗೂ ಗೆರೆ. ಒಟ್ಟು ಏಳು ಮದುವೆ, ಅಡ್ವಾನ್ಸ್ ವಾಪಸ್ ಅಂತ ಪೆನ್ಸಿಲಿನಲ್ಲಿ ಬರೆದಿತ್ತು. ಇಬ್ಬರು ಡ್ರಮ್ಮಿನವರು ಆಗಲೇ ಬೇರೆ ಬ್ಯಾಂಡಿಗೆ ಹೋಗಿದ್ದರು, ಮೇಗೆ ವಾಪಸ್ ಬರ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕ್ಲಾರಿನೆಟ್ ತಾತ ಮಾತ್ರ ದಿನಾ ಸಂಜೆ ಬಂದು ಸ್ಟೂಲಿನ ಮೇಲೆ ಕೂರ್ತಾರೆ. ಒಳಗೆ ಹುಡುಗ ಓದ್ತಾ ಇರ್ತಾನೆ, ಊದಬಾರದು. ತಾತ ಬೆರಳುಗಳನ್ನಷ್ಟೇ ಕೀಗಳ ಮೇಲೆ ಆಡಿಸ್ತಾರೆ.

ನಾಲ್ಕೂವರೆಯಿಂದ ಇಪ್ಪತ್ತು ನಿಮಿಷ ಮಾತ್ರ ಆ ನೊಣದ ಸದ್ದು ಇನ್ನೂ ಕೇಳುತ್ತೆ.