ಮಾರ್ಚ್ ರಜೆಯ ಒಂಬತ್ತು ದಿನ

ದೆಹಲಿಯಲ್ಲಿ ಓದುವ ನಮ್ಮಂಥವರಿಗೆ ಹೋಳಿ ಹಬ್ಬದ ಆಸುಪಾಸಿನಲ್ಲಿ ಸಿಗುವ ಮಧ್ಯಾವಧಿ ರಜೆ ಹೆಸರಿಗೆ ಒಂದು ವಾರ. ಎರಡೂ ಬದಿಯ ಶನಿವಾರ, ಭಾನುವಾರ ಸೇರಿಸಿಕೊಂಡರೆ ಒಂಬತ್ತು ದಿನ. ಸಹಪಾಠಿಗಳು ಋಷಿಕೇಶ, ಜೈಪುರ ಎಂದು ಹೊರಡುತ್ತಾರೆ. ನಾನು ಪಂಜಾಬ್ ಮೇಲ್ ಹತ್ತಿ ಡೊಂಬಿವಲಿಗೆ ಹೊರಟೆ. ಅಪ್ಪಯ್ಯನ ಬಲಗಣ್ಣಿನ ಪೊರೆ ತೆಗೆಸಿ ಮೂರು ದಿನವಾಗಿತ್ತು. ಎಂ.ಎ. ಪ್ರಬಂಧಕ್ಕೆಂದು ಓದಲೇಬೇಕಾದ ದಪ್ಪ ಪುಸ್ತಕವೂ ಚೀಲದಲ್ಲಿತ್ತು: ರಾಜನಾರಾಯಣ ಚಂದಾವರ್ಕರ್ ಅವರು ಮುಂಬಯಿಯ ಗಿರಣಿ ಕಾರ್ಮಿಕರ ಮೇಲೆ ಬರೆದದ್ದು, 1900ರಿಂದ 1940ರವರೆಗಿನ ಕಥೆ. ರೈಲಿನ ಇಪ್ಪತ್ತೈದು ಗಂಟೆಯಲ್ಲಿ ಅರ್ಧ ಮುಗಿಸುವ ಲೆಕ್ಕ ಹಾಕಿದ್ದೆ. ಭೋಪಾಲ್ ದಾಟುವ ಹೊತ್ತಿಗೆ ನಿದ್ದೆ ಬಂತು.

ಮನೆಯಲ್ಲಿ ಮೂರು ಕೆಲಸ ಕಾದಿದ್ದವು. ಕಣ್ಣಿಗೆ ಹನಿ ಬಿಡುವುದು, ಒಂದು ಬಾಟಲಿಯದ್ದು ದಿನಕ್ಕೆ ಆರು ಸಲ, ಇನ್ನೊಂದರದ್ದು ನಾಲ್ಕು ಸಲ. ಅಮ್ಮ ಫ್ರಿಜ್ಜಿನ ಮೇಲೆ ವೇಳಾಪಟ್ಟಿ ಅಂಟಿಸಿದ್ದರು. ಎರಡನೆಯದು, ಅಪ್ಪಯ್ಯನಿಗೆ ಓದಿ ಹೇಳುವುದು. ಪೊರೆ ತೆಗೆದು ಹೊಸ ಮಸೂರ ಕೂರಿಸಿದ ಮೇಲೆ ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ್ದು ಕಾಣುವುದಿಲ್ಲ. ಓದುವ ಕನ್ನಡಕಕ್ಕೆ ಇನ್ನೂ ಕೆಲವು ವಾರ ಕಾಯಬೇಕು. ಎದುರಿನ ಕಟ್ಟಡದ ಬಾಲ್ಕನಿಯಲ್ಲಿ ಯಾರ ಸೀರೆ ಒಣಗುತ್ತಿದೆ ಎಂದು ಹೇಳಬಲ್ಲವರು ಕೈಯಲ್ಲಿರುವ ಪೇಪರಿನ ಅಕ್ಷರ ಕಾಣದೆ ಸಿಡಿಮಿಡಿಗೊಳ್ಳುತ್ತಿದ್ದರು. ಮೂರನೆಯದು, ಅವರ ಕನ್ನಡ ತರಗತಿ.

ಈ ತರಗತಿಯ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಸೊಸೈಟಿಯ ಆಫೀಸ್ ಕೋಣೆಯಲ್ಲಿ ವಾರದ ಕೊನೆಗೆ ಎರಡು ದಿನ, ತಲಾ ಒಂದು ಗಂಟೆ. ಹದಿನಾಲ್ಕು ವರ್ಷದಿಂದ ನಡೆಯುತ್ತಿದೆ. ಮೊದಮೊದಲು ಚಾಪೆ ಸಾಲದಷ್ಟು ಮಕ್ಕಳಿದ್ದರು, ನಾನೂ ಒಬ್ಬಳು. ಈಗ ಏಳು ಜನ. ಕೆಲವರ ಮನೆಮಾತು ತುಳು, ಒಬ್ಬಳದು ಕೊಂಕಣಿ, ಉಳಿದವರದು ನಮ್ಮ ಹಾಗೆ ಕುಂದಾಪ್ರ ಕನ್ನಡ. ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ, ಆಟಕ್ಕೆ ಹಿಂದಿ. ಈ ಹೊರೆಯ ಮೇಲೆ ಕನ್ನಡ ಎಂದರೆ ಯಾವ ಮಗುವಿಗಾದರೂ ಮುಖ ಸಣ್ಣದಾಗುತ್ತದೆ. ನನ್ನದೂ ಆಗುತ್ತಿತ್ತು.

ಆದರೆ ಕಲಿಸಲು ಕೂತರೆ ಮರಾಠಿ ಬಲ್ಲ ಮಕ್ಕಳಿಗೆ ಅರ್ಧ ದಾರಿ ಆಗಲೇ ಮುಗಿದಿರುತ್ತದೆ. ವರ್ಣಮಾಲೆಯ ಕ್ರಮ ಗೊತ್ತು. ದೆಹಲಿಯ ನನ್ನ ಗೆಳತಿಯರ ನಾಲಿಗೆ ಹೊರಳದ ‘ಳ’ ಇವರಿಗೆ ನೀರು ಕುಡಿದಷ್ಟು ಸಲೀಸು. ಎಡವುವುದು ಹ್ರಸ್ವ ಎಕಾರ, ಒಕಾರಗಳಲ್ಲಿ. ಮರಾಠಿ ಬರಹದಲ್ಲಿ ಅವಕ್ಕೆ ಬೇರೆ ಅಕ್ಷರವಿಲ್ಲ. ಹಾಗಾಗಿ ‘ಬೆಳೆ’ ಬರೆ ಎಂದರೆ ‘ಬೇಳೆ’ ಬರೆಯುತ್ತಾರೆ, ‘ಕೊಡು’ ಎಂದರೆ ‘ಕೋಡು’. ಮರಾಠಿಯಲ್ಲಿ ‘ರ’ ತಲೆಯ ಮೇಲೆ ಕೂತರೆ ಕನ್ನಡದ ಅರ್ಕಾವೊತ್ತು ಬಲಕ್ಕೆ ಇಳಿದು ನಿಲ್ಲುತ್ತದೆ. "ನಿಮ್ಮ ರ ಯಾಕೆ ಲೇಟಾಗಿ ಬರುತ್ತೆ?" ಎಂದು ಒಬ್ಬ ಕೇಳಿದ. ಮುಂಬಯಿಯವನಿಗೆ ಎಲ್ಲವೂ ಲೋಕಲ್ ಟ್ರೇನೇ. ಇನ್ನೊಂದು ತಮಾಷೆ: ಅವರು ನನ್ನನ್ನು ಮರಾಠಿ ರೂಢಿಯಲ್ಲಿ ‘ತಾಯಿ’ ಎನ್ನುತ್ತಾರೆ, ಅಂದರೆ ಅಕ್ಕ. ಇಪ್ಪತ್ಮೂರಕ್ಕೇ ಏಳು ಮಕ್ಕಳ ತಾಯಿಯಾದೆ ಎಂದು ಅಮ್ಮ ನಗುತ್ತಿದ್ದರು.

ಸೋಮವಾರ ಕುಂದಾಪುರದಿಂದ ಅತ್ತೆ ಬಂದಿಳಿದರು. ಮತ್ಸ್ಯಗಂಧದಲ್ಲಿ ಠಾಣೆಗೆ ಬಂದು, ಅಲ್ಲಿಂದ ಲೋಕಲ್‌ನಲ್ಲಿ, ಹತ್ತು ಕೆ.ಜಿ. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿಯ ಸಮೇತ. ನನ್ನನ್ನು ನೋಡಿದವರೇ, "ಎಂತ ಮಾರಾಯ್ತಿ, ಇಷ್ಟ್ ಸಪೂರ ಆಯ್ದೆ? ಡೆಲ್ಲಿಯಂಗೆ ಅನ್ನ ಸಿಕ್ಕುದಿಲ್ಯಾ?" ಎಂದರು. ಅವರು ಬಂದದ್ದು ಕಣ್ಣು ನೋಡಲಿಕ್ಕೆ ಮಾತ್ರವಲ್ಲ. ನಮ್ಮ ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ, ದೀಪಾವಳಿಯೊಳಗೆ ಖಾಲಿ ಮಾಡಬೇಕು. ಹೊಸದು ಎದ್ದು ನಿಲ್ಲುವವರೆಗೆ ಬಾಡಿಗೆ ಮನೆ ಯಾಕೆ, ಊರಿಗೇ ಬನ್ನಿ ಎಂಬುದು ಅತ್ತೆಯ ವಾದ. ಅಪ್ಪಯ್ಯ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಕಪ್ಪು ಕನ್ನಡಕದ ಹಿಂದೆ ಏನಿದೆ ಎಂದು ತಿಳಿಯುವುದೂ ಕಷ್ಟ.

ಓದಿ ಹೇಳಲು ಅಪ್ಪಯ್ಯ ಆರಿಸಿದ್ದು ಯಶವಂತ ಚಿತ್ತಾಲರ ‘ಶಿಕಾರಿ’. 1979ರಲ್ಲಿ ಬಂದ ಕಾದಂಬರಿ. ಕಪಾಟಿನಲ್ಲಿ ವರ್ಷಗಳಿಂದ ಇದ್ದರೂ ಅವರು ಪೂರ್ತಿ ಓದಿರಲಿಲ್ಲ. ಮುಂಬಯಿಯ ದೊಡ್ಡ ಕಂಪನಿಯ ಅಧಿಕಾರಿ ನಾಗನಾಥನನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ. ಯಾರು, ಯಾಕೆ ಬೆನ್ನು ಹತ್ತಿದ್ದಾರೆ ಎಂದು ಅವನು ಯೋಚಿಸುತ್ತಲೇ ಹೋಗುತ್ತಾನೆ. ಮಧ್ಯಾಹ್ನದ ಹನಿ ಬಿಟ್ಟು, ಐದು ನಿಮಿಷ ಕಣ್ಣು ಮುಚ್ಚಿಸಿ, ನಾನು ಓದಲು ತೊಡಗುತ್ತಿದ್ದೆ. ನಿಜ ಹೇಳಬೇಕೆಂದರೆ ಗಟ್ಟಿಯಾಗಿ ಓದಲು ಹೇಳಿ ಮಾಡಿಸಿದ ಪುಸ್ತಕವಲ್ಲ ಅದು. ಅವನ ತಲೆಯೊಳಗಿನ ಸುತ್ತು ಮುಗಿಯುವುದೇ ಇಲ್ಲ. ಅತ್ತೆ ಎರಡನೇ ದಿನವೇ ಎದ್ದು ಅಡುಗೆಮನೆಗೆ ಹೋದರು. ಅಪ್ಪಯ್ಯ ಮಾತ್ರ "ಹ್ಞಾಂ, ಓದ್ ಕಾಂಬ" ಎನ್ನುತ್ತಲೇ ಇದ್ದರು.

ಮಂಗಳವಾರ ಒಂದು ಕಡೆ ತಡೆದರು. "ಇವನಿಗೆ ಕೆಲಸ ಹೋದರೂ ಮಲಗಲಿಕ್ಕೆ ಜಾಗ ಇತ್ತಲ್ಲ" ಅಂದರು. ಹೊಟೇಲ್ ಹುಡುಗರಿಗೆ ಕೆಲಸ ಹೋದರೆ ಆ ರಾತ್ರಿಯೇ ಹಾಸಿಗೆಯೂ ಹೋಗುತ್ತಿತ್ತು. ಟೇಬಲ್ಲುಗಳನ್ನು ಜೋಡಿಸಿ ಮಲಗುತ್ತಿದ್ದದ್ದೇ ಹೊಟೇಲಿನಲ್ಲಿ.

ಅಪ್ಪಯ್ಯ 1978ರಲ್ಲಿ, ಹನ್ನೆರಡನೇ ವಯಸ್ಸಿಗೆ, ಪರೇಲಿನ ಒಂದು ಹೊಟೇಲಿಗೆ ಬಂದವರು, ಲೋಟ ತೊಳೆಯಲಿಕ್ಕೆ. ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದರು, ಒಂಬತ್ತಕ್ಕೆ ಬಿಟ್ಟರು. ಇಷ್ಟು ನಮಗೆ ಗೊತ್ತಿತ್ತು. ಯಾಕೆ ಬಿಟ್ಟರು ಎಂದರೆ "ಸಾಕಾಯ್ತು" ಅನ್ನುತ್ತಿದ್ದರು. ಅವತ್ತು ಮಾತ್ರ ಅದು ಬೇರೆ ರೀತಿಯಲ್ಲಿ ಬಂತು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತಲ್ಲ, ಅವರ ಗಿರಾಕಿಗಳೆಲ್ಲ ಗಿರಣಿಯವರೇ. ಮೊದಲು ವಡೆ ಬಿಟ್ಟರಂತೆ. ಆಮೇಲೆ ಪೂರ್ತಿ ಚಾ ಬಿಟ್ಟು ಕಟಿಂಗ್. ಆಮೇಲೆ ಉದ್ರಿ. ಕೊಡಲಿಕ್ಕಾಗದ ನಾಚಿಕೆಗೆ ಕೆಲವರು ಎದುರಿನ ಫುಟ್‌ಪಾತಿನಲ್ಲಿ ಮುಖ ತಿರುಗಿಸಿಕೊಂಡು ಹೋಗತೊಡಗಿದರು. ಮಳೆಗಾಲ ಮುಗಿಯುವುದರೊಳಗೆ ಧಣಿ ಅರ್ಧ ಹುಡುಗರನ್ನು ಕಳಿಸಿದರು. ಅಪ್ಪಯ್ಯನಿಗೆ ಫೋರ್ಟಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಸಂಜೆಯೇ ಗಿಜಿಗಿಜಿ, ರಾತ್ರಿ ಶಾಲೆಗೆ ಬಿಡುವವರು ಯಾರು?

ನಾನು ಇದೇ ನಗರದ ಮುಷ್ಕರಗಳ ಬಗ್ಗೆ ಎರಡು ವರ್ಷದಿಂದ ಓದುತ್ತಿದ್ದೇನೆ. ದೆಹಲಿಯ ಸೆಮಿನಾರಿನಲ್ಲಿ 1982ರ ಕುರಿತು ಮಾತನಾಡಿ ಚಪ್ಪಾಳೆಯನ್ನೂ ತಿಂದಿದ್ದೇನೆ. ಆ ಮುಷ್ಕರದ ಒಂದು ತುದಿ ನಮ್ಮ ಮನೆಯ ಸೋಫಾದಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದೆ ಎಂದು ಯಾರೂ ಹೇಳಿರಲಿಲ್ಲ. "ಮೊದಲೇ ಹೇಳಬಹುದಿತ್ತಲ್ಲ ಅಪ್ಪಯ್ಯ" ಎಂದೆ. "ಗಿರಣಿಯವರದ್ದು ಅನ್ನವೇ ಹೋಯ್ತು. ನನ್ನದು ಹತ್ತನೇ ಕ್ಲಾಸು. ಅದನ್ನೆಂತ ಹೇಳುವುದು?" ಎಂದರು. ಅವರು ಗಿರಣಿಯವರ ಮೇಲೆ ಸಿಟ್ಟಾಗಿದ್ದನ್ನು ನಾನು ನೋಡಿಲ್ಲ, ಆವತ್ತೂ ನೋಡಲಿಲ್ಲ.

ಅದೇ ದಿನ ಇನ್ನೊಂದು ಹೇಳಿದರು. ಹೊಟೇಲಿನಲ್ಲಿ ಓದು ಬಲ್ಲವರು ಇಬ್ಬರೇ. ಭಾನುವಾರ ಹನ್ನೊಂದು ಹುಡುಗರ ಕಾಗದ ಬರೆಯುವುದು, ಬಂದದ್ದನ್ನು ಓದಿ ಹೇಳುವುದು ಅಪ್ಪಯ್ಯನ ಪಾಲು. ಒಮ್ಮೆ ಒಬ್ಬನ ಕಾಗದದಲ್ಲಿ ಅವನ ತಂದೆ ತೀರಿಕೊಂಡ ಸುದ್ದಿ ಇತ್ತು. ಹುಡುಗ ತಟ್ಟೆ ಹಿಡಿದು ಎದುರಿಗೆ ನಿಂತಿದ್ದ. ಅಪ್ಪಯ್ಯ ‘ಇತ್ತ ಎಲ್ಲರೂ ಕ್ಷೇಮ’ ಎಂದು ತಾವೇ ಸೇರಿಸಿ ಓದಿದರು. ಅವನು ಉಂಡು ಕೈ ತೊಳೆದ ಮೇಲೆ ಕರೆದು ಇನ್ನೊಮ್ಮೆ ಓದಿದರು. ಆಗ ಇವರಿಗೆ ಹದಿನಾಲ್ಕು.

ಬುಧವಾರ ಸಂಜೆ ನಾನು ಮಕ್ಕಳನ್ನು ಹೆಚ್ಚುವರಿಯಾಗಿ ಸೇರಿಸಿದೆ. ಪೋಸ್ಟ್ ಆಫೀಸಿನಿಂದ ಐವತ್ತು ಪೈಸೆಯ ಕಾರ್ಡು ಹತ್ತು ತಂದಿದ್ದೆ. ಐದು ರೂಪಾಯಿಗೆ ಇಷ್ಟು ಬರುತ್ತದೆ ಎಂದು ಮಕ್ಕಳು ನಂಬಲಿಲ್ಲ. ಊರಿನ ಅಜ್ಜಿಗೋ ಅಜ್ಜನಿಗೋ ನಾಲ್ಕು ಸಾಲು ಬರೆಯಬೇಕು, ಕನ್ನಡದಲ್ಲಿ. ಶಾಲೆಯ ಪ್ರಬಂಧದ ಹಾಗೆ ‘ನಾನು ಒಂದು ಹಸು’ ಅಲ್ಲ. ಅಜ್ಜಿಗೆ ಗೊತ್ತಿಲ್ಲದ ಒಂದು ಸುದ್ದಿ ಇರಬೇಕು. ಒಬ್ಬಳು ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ್ದನ್ನು ಬರೆದಳು. ಇನ್ನೊಬ್ಬ ತನಗೆ ಗಣಿತದಲ್ಲಿ ಎಷ್ಟು ಬಂತು ಎಂದು ಬರೆದು, ‘ಅಪ್ಪನಿಗೆ ಹೇಳಬೇಡ’ ಎಂದು ಸೇರಿಸಿದ. ಕಾರ್ಡನ್ನು ಯಾರು ಬೇಕಾದರೂ ಓದಬಹುದು ಎಂಬುದು ಅವನಿಗೆ ಹೊಳೆದದ್ದು ಡಬ್ಬಿಗೆ ಹಾಕಿದ ಮೇಲೆ.

ಎಂಟು ವರ್ಷದ ಒಬ್ಬ ಸುಮ್ಮನೆ ಕೂತಿದ್ದ. ಊರಿನಲ್ಲಿ ಅವನಿಗೆ ಯಾರೂ ಉಳಿದಿಲ್ಲ, ಮನೆಗೆ ಬೀಗ. "ಅಂಕಲ್‌ಗೆ ಬರೀಲಾ?" ಎಂದ. ಅಂಕಲ್ ಎಂದರೆ ಅಪ್ಪಯ್ಯ, ಅವನ ಮನೆಯಿಂದ ಒಂದು ಮಹಡಿ ಕೆಳಗೆ. ಕೈಯಲ್ಲಿ ಕೊಡಬಹುದಲ್ಲ ಎಂದರೆ ಒಪ್ಪಲಿಲ್ಲ. ವಿಳಾಸ, ಪಿನ್‌ಕೋಡ್ ಎಲ್ಲ ಬರೆದು, ರಸ್ತೆ ತುದಿಯ ಕೆಂಪು ಡಬ್ಬಿಗೇ ಹಾಕಿಬಂದ.

ಚಂದಾವರ್ಕರ್ ಅವರ ಪುಸ್ತಕ ಮೂರನೇ ಅಧ್ಯಾಯದಲ್ಲೇ ನಿಂತಿತು. ‘ಶಿಕಾರಿ’ಯೂ ಮುಗಿದಿಲ್ಲ. ಇನ್ನು ರಾತ್ರಿ ಫೋನಿನಲ್ಲಿ ಅರ್ಧ ಗಂಟೆ ಓದುವುದು ಎಂದಾಗಿದೆ. ಊರಿಗೆ ಹೋಗುವ ವಿಷಯ ಎಡಗಣ್ಣಿನ ಆಪರೇಷನ್ ಆಗುವವರೆಗೆ ಮುಂದಕ್ಕೆ ಹೋಗಿದೆ. ಹಾಗೆ ಮುಂದೂಡಲಿಕ್ಕೆಂದೇ ಅಪ್ಪಯ್ಯ ಆ ಕಣ್ಣನ್ನು ಇಟ್ಟುಕೊಂಡಿದ್ದಾರೆ ಎಂದು ಅತ್ತೆಗೆ ಗುಮಾನಿ. ತರಗತಿಗೆ ದೀಪಾವಳಿಯ ನಂತರ ಕೋಣೆ ಎಲ್ಲಿ ಎಂಬುದಕ್ಕೆ ಯಾರಲ್ಲೂ ಉತ್ತರವಿಲ್ಲ. ನಮ್ಮ ಹಾಲ್ ಆಗಬಹುದು ಎನ್ನಲು ಆ ಹಾಲೂ ಇರುವುದಿಲ್ಲ.

ಶನಿವಾರ ಪೋಸ್ಟ್‌ಮ್ಯಾನ್ ಕಾರ್ಡು ತಂದ. ಓದಿ ಹೇಳಲೆಂದು ಕೈ ಚಾಚಿದರೆ ಅಪ್ಪಯ್ಯ ಕೊಡಲಿಲ್ಲ. ಕಿಟಕಿಯ ಹತ್ತಿರ ಹೋಗಿ, ತೋಳು ನೀಳುವಷ್ಟು ದೂರ ಹಿಡಿದು, ಒಂದೊಂದೇ ಅಕ್ಷರ ಬಿಡಿಸಿದರು. ಅಕ್ಷರಗಳು ದಪ್ಪವಾಗಿದ್ದದ್ದು ಒಳ್ಳೆಯದಾಯಿತು. ‘ಅಂಕಲ್, ಕಣು ಸರಿ ಆಯಿತಾ? ಕ್ಲಾಸಿಗೆ ಯಾವಾಗ ಬರುತೀರಿ?’

"ಕಣ್ಣಿಗೆ ಒತ್ತೇ ಕೊಡಲಿಲ್ಲ ಇವನು" ಎಂದರು. ಮರುದಿನ ಬೆಳಿಗ್ಗೆ, ಡಾಕ್ಟರು ಧೂಳಿಗೆ ಹೋಗಬೇಡಿ ಎಂದದ್ದನ್ನು ಅಮ್ಮ ಮೂರು ಸಲ ನೆನಪಿಸಿದರೂ, ಕಪ್ಪು ಕನ್ನಡಕ ಹಾಕಿಕೊಂಡು ನನ್ನ ಹಿಂದೆಯೇ ಮೆಟ್ಟಿಲಿಳಿದು ಬಂದು ತರಗತಿಯ ಕೊನೆಯ ಬೆಂಚಿನಲ್ಲಿ ಕೂತರು.