ಪೊದೆ ತೆಗೆಸಿದ ಮೇಲೆ

ಎಂಬತ್ತರ ದಶಕ. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನ ಗಾಜಿನಮನೆ ಹತ್ತಿರ ಹಕ್ಕಿ ನೋಡುವವರು ಸೇರುತ್ತಿದ್ದರು. ನನ್ನ ಹತ್ತಿರ ಬೈನಾಕ್ಯುಲರ್ ಇರಲಿಲ್ಲ. 'ಇಲ್ಲದಿದ್ರೇ ಒಳ್ಳೇದು ಬಿಡಿ, ಕಿವಿ ಕೆಲಸ ಮಾಡುತ್ತೆ' ಅಂದರು ಹಿರಿಯರೊಬ್ಬರು. ಸಮಾಧಾನಕ್ಕೆ ಹೇಳಿದರು ಅಂದುಕೊಂಡಿದ್ದೆ. ವಲಸೆ ಬರುವ ಉಲಿಯಕ್ಕಿಗಳ ಮಟ್ಟಿಗೆ ಅದು ನಿಜವೇ ಆಗಿತ್ತು.

ಹಸಿರು ಉಲಿಯಕ್ಕಿಯನ್ನೇ ತೆಗೆದುಕೊಳ್ಳಿ. ಎಲೆಯ ನಡುವೆ ಎಲೆಯದೇ ಬಣ್ಣ, ಮಾಸಲು ಹುಬ್ಬು, ಅರೆಕ್ಷಣ ನಿಲ್ಲದ ಜೀವ. ತೂಕ ೮ ಗ್ರಾಂ ಆಸುಪಾಸು; ಎಪ್ಪತ್ತರ ದಶಕದ ದಪ್ಪ ಒಂದು ರೂಪಾಯಿ ನಾಣ್ಯದಷ್ಟು. ಅಷ್ಟು ತೂಕ ಹೊತ್ತು ಹಿಮಾಲಯದಿಂದ, ಮಧ್ಯ ಏಷ್ಯಾದಿಂದ ಇಳಿದು ಬರುತ್ತದೆ. ನಮ್ಮ ಬಡಾವಣೆಯ ಪಾರ್ಕಿನ ಹೊಂಗೆಯಲ್ಲಿ ನವರಾತ್ರಿಯ ಹೊತ್ತಿಗೆ 'ಚಿಸ್ವೀ' ಕೇಳಿಸಿದರೆ ಬಂತು ಅಂತ ಲೆಕ್ಕ. ಇಲ್ಲಿ ಗೂಡಿಲ್ಲ, ಮರಿಯಿಲ್ಲ, ಆದರೂ ಚಳಿಗಾಲವಿಡೀ ಕೂಗುತ್ತದೆ: ಈ ಮರ ನನ್ನದು, ಇನ್ನೊಬ್ಬ ಬರಬೇಡ ಎಂದು. ಯುಗಾದಿಗೆ ಹೊಂಗೆ ಚಿಗುರುವಾಗ ಕೂಗು ಹಾಡಾಗುತ್ತದೆ. ಮೇ ತಿಂಗಳಲ್ಲಿ ಮರ ಮೌನ.

ಅದೇ ಪಾರ್ಕಿನ ಲಂಟಾನ ಪೊದೆಯಲ್ಲಿ ಇನ್ನೊಂದಿತ್ತು, ಕಂದುಬಣ್ಣದ ಜೊಂಡು ಉಲಿಯಕ್ಕಿ. ಹೆಸರಿಗೆ ಜೊಂಡು, ಇಲ್ಲಿಗೆ ಬಂದರೆ ಅದಕ್ಕೆ ಪೊದೆಯೇ ಆದೀತು. ಕಣ್ಣಿಗೆ ಬಿದ್ದದ್ದು ಅಪರೂಪ. ಒಳಗಿನಿಂದ 'ಚಕ್, ಚಕ್' ಅನ್ನುತ್ತಿತ್ತು, ಅಜ್ಜಿಯೊಬ್ಬಳು ಯಾರ ಕಷ್ಟಕ್ಕೋ ಲೊಚಗುಟ್ಟಿದ ಹಾಗೆ.

ಆಮೇಲೆ ಪಾರ್ಕು ಸುಧಾರಿಸಿತು. ಟೈಲ್ಸಿನ ದಾರಿ, ಹುಲ್ಲುಹಾಸು, ವ್ಯಾಯಾಮದ ಕಬ್ಬಿಣ. ಹಾವಿನ ಭಯ, ಪೊದೆ ತೆಗೆಸಿ ಎಂಬ ಅರ್ಜಿ ಮನೆಮನೆಗೆ ಬಂದಾಗ ನಾನೂ ಸಹಿ ಹಾಕಿದೆ. ನಿಜಕ್ಕೂ ಒಮ್ಮೆ ಹಾವು ಕಂಡಿತ್ತು, ಮನೆಯಲ್ಲಿ ಚಿಕ್ಕ ಮಗುವಿತ್ತು. ಪೊದೆ ಒಂದೇ ಮಧ್ಯಾಹ್ನದಲ್ಲಿ ಹೋಯಿತು. ಆ ವರ್ಷದ ನವರಾತ್ರಿಗೆ ಹೊಂಗೆಯವನು ಬಂದ. ಲೊಚಗುಟ್ಟುವವಳು ಬರಲಿಲ್ಲ, ಮುಂದೆಯೂ ಬರಲಿಲ್ಲ.

ಈಗ ಹುಡುಗರು ಫೋನನ್ನು ಮರದತ್ತ ಹಿಡಿದರೆ ಅದು ದನಿ ಕೇಳಿ ಹಕ್ಕಿಯ ಹೆಸರು ಹೇಳುತ್ತದೆ. ಹಳಬರು ಮೂಗು ಮುರಿಯುತ್ತಾರೆ. ನಾನು ಮುರಿಯುವ ಹಾಗಿಲ್ಲ, ಅರವತ್ತು ದಾಟಿದ ಕಿವಿಗೆ ತೆಳು ದನಿಗಳು ದಕ್ಕುವುದಿಲ್ಲ. ಹೋದ ಅಕ್ಟೋಬರಿನಲ್ಲಿ ಉಲಿಯಕ್ಕಿ ಬಂದದ್ದನ್ನು ಫೋನೇ ನನಗೆ ತಿಳಿಸಿತು. ಆದರೆ ಪೊದೆಯಿದ್ದ ಜಾಗಕ್ಕೆ ಹಿಡಿದರೆ ಅದಕ್ಕೂ ಏನೂ ಕೇಳುವುದಿಲ್ಲ.

ನೀರಿನ ಟ್ಯಾಂಕಿನ ಹಿಂದಿನ ಮೂಲೆಯೊಂದನ್ನಾದರೂ ಕತ್ತರಿ ಆಡಿಸದೆ ಬಿಡಿ ಎಂದು ಹೊಸ ಅರ್ಜಿ ಬರೆದಿದ್ದೇನೆ. ಈವರೆಗೆ ಮೂರು ಸಹಿ ಬಿದ್ದಿವೆ.