ನಮ್ಮ ತಂದೆಯವರ ಪೆಟ್ಟಿಗೆ

ದೊಡ್ಡವರ ಚರಿತ್ರೆಯನ್ನು ಬರೆಯುವವರು ಬಹುಮಂದಿ ಉಂಟು. ಊರೂರು ತಿರುಗಿ ಕಾಗದ ಹಂಚಿ, ಮಕ್ಕಳನ್ನು ಸಾಕಿ ಸಲಹಿ, ಸದ್ದಿಲ್ಲದೆ ಹೊರಟುಹೋದ ಸಂಸಾರಿಯೊಬ್ಬನ ಕಥೆಯನ್ನು ಅವನ ಮಕ್ಕಳಲ್ಲದೆ ಮತ್ತಾರು ಬರೆದಾರು? ನಮ್ಮ ತಂದೆಯವರನ್ನು ಕುರಿತ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದಕ್ಕೆ ಇಷ್ಟೇ ಕಾರಣ.

ತಂದೆಯವರು 1954ರಲ್ಲಿ ಅಂಚೆಯ ಇಲಾಖೆಯನ್ನು ಸೇರಿ, ಮೂವತ್ತೈದು ವರ್ಷಗಳ ಕಾಲ ತೀರ್ಥಹಳ್ಳಿಯ ಸೀಮೆಯಲ್ಲಿ ಟಪಾಲು ಹಂಚಿ, 1989ರಲ್ಲಿ ನಿವೃತ್ತರಾದರು. ತುಂಗೆ ತುಂಬಿ ಹರಿಯುವ ಆಷಾಢದಲ್ಲಿಯೂ ಅವರ ಚೀಲ ನೆನೆದುದನ್ನು ನಾವು ಕಾಣೆವು. ನೆನೆಯುತ್ತಿದ್ದುದು ಅವರ ಮೈ. ಓದುಬರಹ ಬಾರದವರ ಮನೆಯ ಜಗಲಿಯಲ್ಲಿ ಕುಳಿತು ಕಾಗದವನ್ನು ಅವರೇ ಓದಿ ಹೇಳಬೇಕು. ಉತ್ತರವನ್ನೂ ಅವರೇ ಬರೆಯಬೇಕು. ಯಾರ ಮಗಳಿಗೆ ಗಂಡನ ಮನೆಯಲ್ಲಿ ಕಷ್ಟ, ಯಾರಿಗೆ ಎಷ್ಟು ಸಾಲ, ಎಲ್ಲವನ್ನೂ ಅವರು ಬಲ್ಲರು. ಆದರೆ ಅದರಲ್ಲಿ ಒಂದು ಮಾತಾದರೂ ನಮ್ಮ ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬರಲಿಲ್ಲ. ತಾಯಿಯವರು ಕೆದಕಿ ಕೇಳಿದರೆ, "ಅದು ಅವರ ಕಾಗದ ಮಾರಾಯ್ತಿ" ಎಂದು ನಕ್ಕು ಸುಮ್ಮನಾಗುತ್ತಿದ್ದರು. 1972ರ ಆಗಸ್ಟ್ 15ರಿಂದ ಆರು ಅಂಕಿಗಳ ಪಿನ್ ಸಂಖ್ಯೆ ಜಾರಿಗೆ ಬಂದಾಗ, ಅದನ್ನು ಮನೆಮನೆಗೂ ಕಲಿಸಿಬಂದರು. ನನ್ನ ತಂಗಿಯರು ಸಂಜೆ ಮಗ್ಗಿಯೊಡನೆ ಅದನ್ನೂ ಒಪ್ಪಿಸಬೇಕಾಗಿತ್ತು.

ಅವರಿಗೆ ಬೇಸರವಾಗುತ್ತಿದ್ದ ಕೆಲಸ ಒಂದೇ: ತಂತಿ ಮುಟ್ಟಿಸುವುದು. ಹಳ್ಳಿಯಲ್ಲಿ ತಂತಿಯೆಂದರೆ ಸಾವಿನ ಸುದ್ದಿಯೆಂದೇ ಜನರ ಎಣಿಕೆ. ಲಕೋಟೆಯನ್ನು ಒಡೆಯುವ ಮೊದಲೇ ಗೋಳು ಏಳುತ್ತಿತ್ತು. ಅಂಥ ದಿನ ಅವರು ಕೈಕಾಲು ತೊಳೆದು ಬಹಳ ಹೊತ್ತು ಜಗಲಿಯಲ್ಲಿ ಒಬ್ಬರೇ ಕುಳಿತಿರುತ್ತಿದ್ದರು. 2013ರ ಜುಲೈ ತಿಂಗಳಲ್ಲಿ ತಂತಿಯ ಸೇವೆ ನಿಂತಿತೆಂದು ನಾನು ಪತ್ರಿಕೆಯನ್ನು ಓದಿ ಹೇಳಿದಾಗ, "ಇನ್ನು ಯಾರೂ ಅಂಚೆಯವನ ಮುಖ ನೋಡಿ ಅಳಬೇಕಾಗಿಲ್ಲ" ಎಂದರು.

ಇನ್ನು ನನ್ನ ತಪ್ಪಿನ ಮಾತು. ನಾನು 1974ರಲ್ಲಿ ಮೈಸೂರಿಗೆ ಓದಲು ಹೋದೆ. ತಿಂಗಳು ತಿಂಗಳೂ ತಂದೆಯವರ ಮನಿಯಾರ್ಡರು ತಪ್ಪದೆ ಬರುತ್ತಿತ್ತು. ಅದರ ಫಾರಮಿನ ತುದಿಯಲ್ಲಿ ಸಮಾಚಾರಕ್ಕೆಂದು ಬಿಟ್ಟಿದ್ದ ಸ್ವಲ್ಪ ಜಾಗದಲ್ಲಿ ಪ್ರತಿಸಲವೂ ಅದೇ ಒಕ್ಕಣೆ: "ಎಲ್ಲರೂ ಕ್ಷೇಮ. ಚೆನ್ನಾಗಿ ಓದು. ಕಾಗದ ಬರೆ." ಊರಿಗೆಲ್ಲ ಪುಟಗಟ್ಟಲೆ ಬರೆದುಕೊಡುವವರಿಗೆ ಸ್ವಂತ ಮಗನಿಗೆ ಬರೆಯಲು ಇಷ್ಟೇ ಮಾತೆ ಎಂದು ನನಗೆ ಮುನಿಸು. ನಾನೂ ಕಾಗದ ಬರೆಯಲಿಲ್ಲ. ಆ ಚೂರುಗಳನ್ನು ಇಟ್ಟುಕೊಳ್ಳಲೂ ಇಲ್ಲ.

ಮನಿಯಾರ್ಡರಿನ ಹಣ ಪಡೆದವನು ರುಜು ಹಾಕಿದ ರಸೀತಿಯ ತುಂಡು, ಕಳುಹಿಸಿದವನ ಕೈಗೆ ಹಿಂದಿರುಗುತ್ತಿದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು. ತಂದೆಯವರು 2015ರಲ್ಲಿ ತೀರಿಕೊಂಡರು. ಕರ್ಮಾಂತರಗಳೆಲ್ಲ ಮುಗಿದ ಮೇಲೆ ಅವರ ಪೆಟ್ಟಿಗೆಯನ್ನು ತೆರೆದೆವು. ಪಿಂಚಣಿಯ ಪುಸ್ತಕದ ಕೆಳಗೆ, ಖಾಕಿ ಬಟ್ಟೆಯಲ್ಲಿ ಸುತ್ತಿ ಹುರಿಯಿಂದ ಕಟ್ಟಿದ ಒಂದು ಗಂಟು. ಬಿಚ್ಚಿದರೆ ಮೂರು ವರ್ಷಗಳ ರಸೀತಿಗಳು. ರಜೆಯ ತಿಂಗಳುಗಳನ್ನು ಬಿಟ್ಟು ಸರಿಯಾಗಿ ಮೂವತ್ತು. ಪ್ರತಿಯೊಂದರ ಮೇಲೂ ಅವಸರದಲ್ಲಿ ಗೀಚಿದ ನನ್ನ ರುಜು. ಬೆನ್ನ ಮೇಲೆ ಅದು ಕೈಸೇರಿದ ತಾರೀಖು, ಅವರ ಕೈಬರಹದಲ್ಲಿ.

ತಾಯಿಯವರು ಹೇಳಿದರು: "ನಿನ್ನ ಕಾಗದ ಬಂತು ಅಂತ ಇದನ್ನೇ ತಂದು ತೋರಿಸ್ತಿದ್ರು ಮಗಾ. ಅಕ್ಷರ ನಡುಗಿಲ್ಲ, ಹುಡುಗ ಗಟ್ಟಿಯಾಗಿದಾನೆ ಅನ್ನೋರು."

ಸೀಮೆಯ ಕಾಗದಗಳನ್ನೆಲ್ಲ ಮನೆಮನೆಗೆ ಮುಟ್ಟಿಸಿದವರು, ತಮ್ಮ ಪಾಲಿಗೆ ಈ ಚೂರನ್ನು ಕಾಯುತ್ತಿದ್ದರು. ನಾಲ್ಕು ಸಾಲು ಬರೆಯಲು ನನಗೆ ಏನು ಅಡ್ಡಿಯಿತ್ತೆಂದು ಈಗಲೂ ತಿಳಿಯದು. ಮನೆಯಿಂದ ದೂರವಿರುವ ಮಕ್ಕಳಾರಾದರೂ ಇದನ್ನು ಓದಿದರೆ, ನಾಳೆಯೆನ್ನದೆ ಇಂದೇ ಹೆತ್ತವರಿಗೆ ತಮ್ಮ ಕ್ಷೇಮಸಮಾಚಾರವನ್ನು ಬರೆಯಲಿ.